ಬಡಿಯುತ್ತಿರುವುದು ಯಾರ ನಾಡಿ

ದನದ ನಾಡಿಯನ್ನು ಬಾಲದ ಬುಡದಿಂದ ತುಸು ಕೆಳಗೆ, ಒಳಮಗ್ಗುಲಲ್ಲಿ ಹಿಡಿಯಬೇಕು. ಎರಡು ಬೆರಳು ಸಾಕು. ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ನಾಡಿಯಿದೆ. ಬೆರಳನ್ನು ಒತ್ತಬೇಡಿ, ಸುಮ್ಮನೆ ಇಟ್ಟುಕೊಂಡಿರಿ. ಒತ್ತಿದರೆ ಸಿಗುವುದು ದನದ ನಾಡಿಯಲ್ಲ, ನಿಮ್ಮದು. ಇದನ್ನು ಕಾಲೇಜಿನಲ್ಲಿ ನನಗೂ ಹೇಳಿಕೊಟ್ಟಿದ್ದರು, ಈಗ ಕೆಲಸಕ್ಕೆ ಸೇರುತ್ತಿರುವ ನಿಮಗೂ ಹೇಳಿಕೊಟ್ಟಿರುತ್ತಾರೆ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಅರ್ಥವಾಗಿದ್ದು ಮಾತ್ರ ಕೆಲಸಕ್ಕೆ ಸೇರಿದ ಮೇಲೆ, ಜನರ ಎದುರಿಗೆ ನಗೆಪಾಟಲಾಗಿ.

ಪಶುವೈದ್ಯನ ದಿನ ರೋಗಗಳಲ್ಲಿ ಕಳೆಯುತ್ತದೆ ಎಂದುಕೊಂಡು ನೀವು ಬಂದಿದ್ದರೆ ಆ ಎಣಿಕೆಯನ್ನು ಈಗಲೇ ಬಿಡಿ. ಹೆಚ್ಚು ಹೊತ್ತು ಹೋಗುವುದು ಬಾರದ ಗಾಡಿಗೆ, ಹೊರಡದ ಬಸ್ಸಿಗೆ, ಹಗ್ಗ ತರಲು ಹೋಗಿ ಅಲ್ಲೇ ಮಾತಿಗೆ ನಿಂತ ಯಜಮಾನನಿಗೆ, ಬಾಯಿ ತೆರೆಯದ ಎಮ್ಮೆಗೆ. ಇವುಗಳಲ್ಲಿ ಒಂದೂ ದೊಡ್ಡ ಕಷ್ಟವಲ್ಲ. ಎಲ್ಲ ಸೇರಿ ಮನುಷ್ಯನ ಬುದ್ಧಿಯನ್ನು ಮಂಕು ಮಾಡುತ್ತವೆ. ಆ ಹೊತ್ತಿನಲ್ಲಿ ನಮ್ಮೊಳಗೆ ಏನು ನಡೆಯುತ್ತಿದೆ ಎಂದು ನೋಡಿಕೊಳ್ಳುವುದು ಸಾಧುಸಂತರ ಅಭ್ಯಾಸ ಎಂದು ಒಂದು ಕಾಲದಲ್ಲಿ ನಾನೂ ತಿಳಿದಿದ್ದೆ. ಈಗ ಖಚಿತವಾಗಿ ಹೇಳುತ್ತೇನೆ, ಅದು ನಮ್ಮ ಕಸುಬಿನ ಒಂದು ಭಾಗ. ಬಿಳಿಚೋಡಿನ ಹತ್ತಿರದ ಹಟ್ಟಿಯೊಂದರಲ್ಲಿ ಚಿತ್ತಮ್ಮ ಎಂಬ ಹೆಂಗಸಿನ ಇಡೀ ಮಂದೆ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಕೊನೆಗೆ ಈ ಎರಡು ಬೆರಳಿಗೆ ಬಂದು ನಿಂತಿತ್ತು. ಅಲ್ಲಿಗೆ ತಲುಪಬೇಕಾದರೆ ಚನ್ನಗಿರಿಯಿಂದ ಹೊರಡಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೇವೆಯುದ್ದಕ್ಕೂ ನಾನು ದಿನಚರಿ ಬರೆದಿದ್ದೇನೆ. ಅದು ಬಡ ದಿನಚರಿ. ಊರು, ದನ, ರೋಗ, ಒಂದೆರಡು ಪದ, ಅಷ್ಟೆ. ಉಳಿದಿದ್ದನ್ನು ನೆನಪು ತುಂಬುತ್ತಿದೆ. ನೆನಪಿಗೆ ನನ್ನನ್ನು ಚೆನ್ನಾಗಿ ಕಾಣಿಸುವ ಚಾಳಿ ಇದೆ. ಅನುಮಾನ ಬಂದ ಕಡೆ ಹೇಳುತ್ತಾ ಹೋಗುತ್ತೇನೆ.

ನನ್ನ ಮೊದಲ ನೇಮಕ ಚನ್ನಗಿರಿಗೆ, ಮೂವತ್ತರ ದಶಕದ ಕೊನೆಯಲ್ಲಿ. ಒಂದು ದಿನ ನಲ್ಲೂರಿನಿಂದ ಅಡಿಕೆ ವ್ಯಾಪಾರಿ ಗುರುಸಿದ್ದಪ್ಪ ಹೇಳಿಕಳಿಸಿದ. ಎತ್ತು ಮೇವು ಬಿಟ್ಟಿದೆ, ಬನ್ನಿ ಎಂದು. ತಾಲ್ಲೂಕು ಕಚೇರಿಯಿಂದ ಗಾಡಿ ಕೊಡಿಸುತ್ತೇನೆಂದಿದ್ದ ಜವಾನ ಗಾಡಿಯನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದ. ಅವನೊಂದಿಗೆ ಬೀದಿಯಲ್ಲಿ ನಿಂತು ಕೂಗಾಡಿದೆ. ಆ ಕೂಗಾಟವನ್ನೇ ತಲೆಯೊಳಗೆ ಮುಂದುವರಿಸುತ್ತಾ, ಅವನಿಗೆ ಹೇಳಬೇಕಾಗಿದ್ದ ಇನ್ನೂ ಒಳ್ಳೆಯ ಮಾತುಗಳನ್ನು ಜೋಡಿಸುತ್ತಾ ಬಿಸಿಲಲ್ಲಿ ನಲ್ಲೂರಿಗೆ ನಡೆದೆ. ಹೋದವನೇ ಎತ್ತಿನ ಬಾಲ ಹಿಡಿದೆ. ನಾಡಿ ಓಡುತ್ತಿತ್ತು. ಥರ್ಮಾಮೀಟರು ಚೀಲದಲ್ಲೇ ಇತ್ತು, ತೆಗೆಯುವ ತಾಳ್ಮೆ ಇರಲಿಲ್ಲ. ಭಾರಿ ಜ್ವರ, ಅಂಟುರೋಗವಿರಬಹುದು ಎಂದು ಸಾರಿ, ಊರಿನ ದನಗಳನ್ನು ಕೆರೆಗೆ ಬಿಡಕೂಡದೆಂದು ಅಪ್ಪಣೆ ಮಾಡಿ, ಜಿಲ್ಲಾ ಕೇಂದ್ರಕ್ಕೆ ವರದಿ ಬರೆದೆ.

ನಮ್ಮ ಇಲಾಖೆಯ ಜಿಲ್ಲಾ ಅಧಿಕಾರಿ ಶಾಮರಾಯರು ಆ ಕಡೆಯೇ ತಪಾಸಣೆಯ ಸುತ್ತಿನಲ್ಲಿದ್ದರು. ಮಾರನೆಯ ದಿನವೇ ನಲ್ಲೂರಿಗೆ ಬಂದರು. ಎತ್ತು ಮಲಗಿಕೊಂಡು ಆರಾಮಾಗಿ ಮೆಲುಕು ಹಾಕುತ್ತಿತ್ತು.

"ಏನಯ್ಯಾ, ಜ್ವರ ಬಂದ ಎತ್ತು ಇದೇನಾ?" ಎಂದರು.

ಗುರುಸಿದ್ದಪ್ಪ ನನ್ನ ಮುಖ ನೋಡದೆ ಹೇಳಿದ: "ಬಾಯಾಗೆ ಜಾಲಿಮುಳ್ಳು ಚುಚ್ಕಂಡಿತ್ತು ಸಾಮೇರ. ಡಾಕ್ಟ್ರು ಹೋದ್ಮೇಲೆ ನೋಡಿ ಕಿತ್ತಾಕಿದೆ. ಈಗ ಮೇಯ್ತೈತೆ. ಊರ ದನಾನ ನೀರಿಗೆ ಬಿಡಾಕೆ ಅಪ್ಪಣೆ ಆದ್ರೆ..."

ಶಾಮರಾಯರು ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನೆ ಇಲ್ಲಿಗೆ ಬರೋ ಮುಂಚೆ ಯಾರ ಜೊತೆ ಜಗಳ ಆಡಿದ್ದೆ?"

"ಕಚೇರಿ ಜವಾನನ ಜೊತೆ, ಸಾರ್."

"ಹಾಗಾದರೆ ಆ ಜ್ವರಕ್ಕೆ ಎತ್ತು ಜವಾಬ್ದಾರಿ ಅಲ್ಲ ಬಿಡು. ನೀನು ನಿನ್ನ ನಾಡೀನೇ ಎಣಿಸಿ ಊರಿಗೆಲ್ಲಾ ನೀರು ತಪ್ಪಿಸಿದ್ದೀಯ."

ಅವರು ಅಂದು ಹೇಳಿಕೊಟ್ಟ ರೂಢಿ ಚಿಕ್ಕದು. ಪ್ರಾಣಿಯನ್ನು ಮುಟ್ಟುವ ಮೊದಲು ನಿನ್ನ ಮಣಿಕಟ್ಟನ್ನು ಹಿಡಿದು ನಿಲ್ಲು. ನಾಡಿ ಹೇಗಿದೆ, ಉಸಿರು ಎಲ್ಲಿದೆ, ದವಡೆ ಬಿಗಿದಿದೆಯೋ ನೋಡು. ಸರಿಮಾಡಲು ಹೋಗಬೇಡ, ನೋಡು. ಇದು ನನ್ನದು ಎಂದು ಗೊತ್ತಾದ ಮೇಲೆ ದನವನ್ನು ಮುಟ್ಟು. ಆಗ ದನದ್ದು ಯಾವುದು ಎಂದು ತಿಳಿಯುತ್ತದೆ.

ಶಾಮರಾಯರನ್ನು ನೀವು ಶಾಂತಮೂರ್ತಿ ಎಂದುಕೊಳ್ಳಬಾರದು. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರಷ್ಟು ಮುಂಗೋಪಿಗಳು ಇನ್ನೊಬ್ಬರಿಲ್ಲ. ಮುಂದೆ ನಾನು ಹೊನ್ನಾಳಿ, ನ್ಯಾಮತಿ ಕಡೆಗೆ ವರ್ಗವಾದಾಗ ಅವರು ತಪಾಸಣೆಗೆಂದು ಸವಳಂಗಕ್ಕೆ ಬಂದಿದ್ದರು. ತಣ್ಣಗಾದ ಕಾಫಿ ಕೊಟ್ಟರೆಂದು ಲೋಟವನ್ನು ಅಂಗಳಕ್ಕೆ ಎಸೆದರು. ಲೋಟ ಉರುಳಿ ನಿಲ್ಲುವ ಮೊದಲೇ ಎಡಗೈ ಬಲಗೈಯ ಮಣಿಕಟ್ಟಿಗೆ ಹೋಗಿತ್ತು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಾವೇ ಅಂಗಳಕ್ಕಿಳಿದು ಲೋಟ ಎತ್ತಿಕೊಂಡು ಬಂದು, ಅಡುಗೆಯವನಿಗೆ, "ಇನ್ನೊಂದು ಕೊಡಪ್ಪ, ಅದು ನಂದು, ಕಾಫೀದಲ್ಲ" ಎಂದರು. ಅವನಿಗೆ ಏನೂ ಅರ್ಥವಾಗಲಿಲ್ಲ. ನನಗೆ ಆಯಿತು. ಈ ರೂಢಿ ಕೋಪವನ್ನು ಕಳೆಯುವುದಿಲ್ಲ. ಕೋಪ ಯಾರದು ಎಂದು ತೋರಿಸುತ್ತದೆ. ಲೋಟ ಎಸೆಯುವುದಕ್ಕೂ ಎತ್ತಿಕೊಂಡು ಬರುವುದಕ್ಕೂ ನಡುವಿನ ಹೊತ್ತು ಕಡಿಮೆಯಾಗುತ್ತದೆ. ಅಷ್ಟು ಲಾಭ ಸಾಲದೆ?

ಹೊನ್ನಾಳಿಯದು ಇನ್ನೊಂದು ಬಗೆ. ಅಲ್ಲಿ ನನ್ನ ಗುರು ತುಂಗಭದ್ರೆ. ನದಿಯಾಚೆಯ ಹಳ್ಳಿಗೆ ಹರಿಗೋಲಿನಲ್ಲಿ ಹೋಗಬೇಕು, ಹರಿಗೋಲಿನವನು ಆಚೆ ದಡದಲ್ಲಿ ರೊಟ್ಟಿ ತಿನ್ನುತ್ತಿದ್ದಾನೆ. ನಾನು ಈಚೆಯಿಂದ ಕೂಗಿದೆ. ಅವನು ಕೈ ಬೀಸಿದ. ಮತ್ತೆ ಕೂಗಿದೆ. ಅವನು ಇನ್ನೊಂದು ರೊಟ್ಟಿ ಬಿಚ್ಚಿದ. ಮಣಿಕಟ್ಟಿನ ಪಾಠ ಆಗಲೇ ಕಲಿತಿದ್ದೆ, ಆದರೆ ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು ಕೂಗುವವನಿಗೆ ಅದು ನೆನಪಾಗಬೇಕಲ್ಲ! ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಅವನು ಬಂದು, "ಯಾಕ್ರೀ ಸಾಮಿ ಹಂಗೆ ಒದರ್ತೀರಿ? ನಾ ನೋಡಿಲ್ಲ ಅಂದ್ಕಂಡ್ರಾ? ಹೊಟ್ಟೆ ಹಸ್ದೋನು ಹುಟ್ಟು ಹಾಕಿದ್ರೆ ಮಧ್ಯದಾಗೆ ಇಬ್ರೂ ಸುತ್ತತಾ ಕುಂತಿರ್ತಿದ್ವಿ" ಎಂದು ನಕ್ಕ. ಆಚೆ ಊರಿನಲ್ಲಿ ಕಷ್ಟದ ಕರು ಹಾಕಿಸುವ ಕೆಲಸ. ಗಂಟಲಿಲ್ಲದ್ದರಿಂದ ಪಿಸುಮಾತಿನಲ್ಲೇ ಎಲ್ಲ ಹೇಳಬೇಕಾಯಿತು. ಹಗ್ಗ ಹಿಡಿದ ಮೂವರೂ ಪಿಸುಮಾತಿಗೆ ಇಳಿದರು. ಅಷ್ಟು ನಿಶ್ಶಬ್ದವಾಗಿ ಕರು ಹುಟ್ಟಿದ್ದನ್ನು ನಾನು ಮತ್ತೆ ಕಂಡಿಲ್ಲ. ದಿನಚರಿಯಲ್ಲಿ ಇರುವುದು "ಹರಿಗೋಲು ತಡ. ಹೆಣ್ಣುಕರು" ಎಂದಷ್ಟೆ. ರೊಟ್ಟಿಯ ವಿಷಯ ಅದೇ ದಿನದ್ದೋ ಬೇರೆ ದಿನದ್ದೋ ಆಣೆಯಿಟ್ಟು ಹೇಳಲಾರೆ. ಗಂಟಲು ಕಟ್ಟಿದ್ದು ಮಾತ್ರ ನಿಜ.

ಯುದ್ಧ ಶುರುವಾದ ಮೇಲೆ ನನ್ನನ್ನು ಜಗಳೂರಿಗೆ ಹಾಕಿದರು. ಮಳೆಯಾಶ್ರಯದ ಸೀಮೆ, ದೊಡ್ಡ ದೊಡ್ಡ ಮಂದೆಗಳು. ಒಂದು ಬೇಸಿಗೆಯಲ್ಲಿ ದೊಡ್ಡರೋಗ ಬಂತು. ನೀವು ಅದನ್ನು ಪುಸ್ತಕದಲ್ಲಿ ರಿಂಡರ್‌ಪೆಸ್ಟ್ ಎಂದು ಓದಿದ್ದೀರಿ. ಬಾಯಿಯಲ್ಲಿ ಹುಣ್ಣು, ಕಣ್ಣಲ್ಲಿ ಕೀವು, ಭೇದಿ, ಆಮೇಲೆ ಸಾಲಾಗಿ ಬಿದ್ದ ದನಗಳು. ಬಂದ ಮೇಲೆ ಮದ್ದಿಲ್ಲ. ಬರುವ ಮೊದಲು ಚುಚ್ಚಬೇಕು.

ಚುಚ್ಚುವ ವಿಧಾನವೂ ಆಗ ಬದಲಾಗುತ್ತಿತ್ತು. ಹಳೆಯ ಕ್ರಮದಲ್ಲಿ ರೋಗದ ಎತ್ತಿನ ರಕ್ತವನ್ನು ಒಂದು ಮಗ್ಗುಲಿಗೆ, ಅದನ್ನು ತಡೆಯುವ ಸೀರಮನ್ನು ಇನ್ನೊಂದು ಮಗ್ಗುಲಿಗೆ ಚುಚ್ಚುತ್ತಿದ್ದೆವು. ಸೀರಮ್ ದುರ್ಬಲವಾಗಿದ್ದರೆ ನಾವೇ ರೋಗ ಕೊಟ್ಟಂತೆ. ಹೊಸ ಕ್ರಮದಲ್ಲಿ ರೋಗವನ್ನು ಆಡಿನಿಂದ ಆಡಿಗೆ ದಾಟಿಸಿ ಸೌಮ್ಯ ಮಾಡಿದ ಮದ್ದು ಬಂತು. ಅದಕ್ಕಿದ್ದ ಒಂದೇ ತೊಂದರೆ ಎಂದರೆ ಮಂಜುಗಡ್ಡೆಯಲ್ಲಿ ಇರಬೇಕು. ಬಿಸಿ ತಗುಲಿದರೆ ಮದ್ದು ಸಾಯುತ್ತದೆ. ಸತ್ತ ಮದ್ದಿಗೂ ಬದುಕಿದ ಮದ್ದಿಗೂ ನೋಡಲು ವ್ಯತ್ಯಾಸವಿಲ್ಲ.

ಬಿಳಿಚೋಡಿನ ಆಚೆಯ ಒಂದು ಹಟ್ಟಿಗೆ ರೋಗ ಬಂದಿದೆ, ಈಚೆಯ ಗೊಲ್ಲರ ಹಟ್ಟಿಗೆ ಇನ್ನೂ ಬಂದಿಲ್ಲ ಎಂದು ಸುದ್ದಿ ಬಂತು. ನಾನೂ ನನ್ನ ಕಾಂಪೌಂಡರ್ ಬುಡೇನ್ ಸಾಬರೂ ದಾವಣಗೆರೆಗೆ ಹೋಗಿ, ರೈಲಿನಲ್ಲಿ ಬಂದ ಮದ್ದಿನ ಫ್ಲಾಸ್ಕನ್ನು ಇಳಿಸಿಕೊಂಡು, ಬೆಳಗಿನ ಜಗಳೂರು ಬಸ್ಸು ಹತ್ತಿದೆವು. ಬಿಳಿಚೋಡು ಅದೇ ದಾರಿಯಲ್ಲಿದೆ. ಪೆಟ್ರೋಲು ಸಿಗದ ಆ ಕಾಲದಲ್ಲಿ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಹಿಂಭಾಗದಲ್ಲಿ ಆಳೆತ್ತರದ ಡ್ರಮ್ಮು, ಅದರಲ್ಲಿ ಕೆಂಡ. ಅರ್ಧ ದಾರಿಯಲ್ಲಿ ಒಂದು ಸಣ್ಣ ಏರು ಹತ್ತಲಾರದೆ ಬಸ್ಸು ನಿಂತಿತು. ಡ್ರೈವರ್ ಹನುಮಂತಪ್ಪ ಇಳಿದು ಬೀಡಿ ಹಚ್ಚಿದ.

ನಾನೂ ಇಳಿದು, ಬಸ್ಸಿನ ಹಿಂಭಾಗದಲ್ಲಿ ನಿಂತು ಕೂಗಾಡಿದೆ. ಇದು ಸರ್ಕಾರದ ಮದ್ದು, ಹಾಳಾದರೆ ನಿನ್ನ ಮೇಲೆ ಬರೆಯುತ್ತೇನೆ, ಹಾಗೆ, ಹೀಗೆ.

"ಸಾಮಿ," ಎಂದ ಹನುಮಂತಪ್ಪ, "ನೀವು ಕೂಗಿದ್ರೆ ಇದ್ಲು ಉರಿಯಲ್ಲ, ಗಾಳಿ ಹಾಕಿದ್ರೆ ಉರಿತೈತೆ. ಗಾಳಿ ಚಕ್ರ ಅಲ್ಲೈತೆ, ತಿರುಗಿಸಾಕೆ ಬರ್ರಿ ಬೇಕಾದ್ರೆ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆಗ ನನ್ನ ಕೈ ತಾನಾಗಿ ಮಣಿಕಟ್ಟಿಗೆ ಹೋಯಿತು ಎಂದು ಬರೆಯಲು ಆಸೆಯಾಗುತ್ತದೆ. ಬಹುಶಃ ನಗುವಿನಿಂದ ಮುಖ ತಪ್ಪಿಸಲು ತಲೆ ತಗ್ಗಿಸಿದಾಗ ಕೈ ಕಂಡಿತೇನೋ. ಹೇಗೋ ಹಿಡಿದೆ. ನಾಡಿ ಓಡುತ್ತಿದೆ. ದವಡೆ ಬಿಗಿದಿದೆ. ಬಸ್ಸು ನಿಂತಿದೆ. ಬೆನ್ನಿಗೆ ಬಿಸಿಲು. ಬಿಸಿಲಲ್ಲ, ನಾನು ಬಸ್ಸಿನ ನೆರಳಿನಲ್ಲಿದ್ದೇನೆ. ಹಾಗಾದರೆ ಬೆನ್ನಿಗೆ ತಗುಲುತ್ತಿರುವ ಬಿಸಿ ಯಾವುದು?

ಕೆಂಡದ ಡ್ರಮ್ಮಿನದು. ಮದ್ದಿನ ಫ್ಲಾಸ್ಕಿದ್ದ ಪೆಟ್ಟಿಗೆಯನ್ನು ನಾವು ಇಟ್ಟಿದ್ದು ಅದೇ ಡ್ರಮ್ಮಿಗೆ ಒರಗಿದ ಕಡೆಯ ಸೀಟಿನ ಮೇಲೆ. ಎಲ್ಲರಿಗಿಂತ ಹಿಂದೆ, ಯಾರೂ ತುಳಿಯದ ಜಾಗವೆಂದು.

"ಸಾಬ್ರೆ, ಪೆಟ್ಟಿಗೆ!" ಎಂದೆ. ಬುಡೇನ್ ಸಾಬರು ಬಸ್ಸು ಹತ್ತಿ, ಪೆಟ್ಟಿಗೆಯನ್ನು ಎಳೆದುಕೊಂಡು ಬಂದರು. ಅವಸರದಲ್ಲಿ ಪಕ್ಕದಲ್ಲಿದ್ದ ನನ್ನ ಚೀಲ ಕೆಳಗೆ ರಸ್ತೆಗೆ ಬಿತ್ತು. ಇದ್ದ ಒಂದೇ ಥರ್ಮಾಮೀಟರು ಚೂರಾಯಿತು.

"ಅಯ್ಯೋ ಅಲ್ಲಾ! ಇದನ್ನೂ ನನ್ನ ಸಂಬಳದಾಗೆ ಹಿಡೀತಾರೇನ್ರಿ ಸಾರ್?"

"ಅದು ಆಮೇಲೆ. ಮೊದಲು ಫ್ಲಾಸ್ಕನ್ನು ಒದ್ದೆ ಗೋಣಿಯಲ್ಲಿ ಸುತ್ತಿ."

ಹಟ್ಟಿ ತಲುಪಿದಾಗ ಹೊತ್ತು ಏರಿತ್ತು. ಫ್ಲಾಸ್ಕಿನೊಳಗೆ ನೀರು ತಣ್ಣಗಿತ್ತು, ಮಂಜುಗಡ್ಡೆ ಉಳಿದಿರಲಿಲ್ಲ. ಮದ್ದು ಬದುಕಿದೆಯೋ ಸತ್ತಿದೆಯೋ ಹೇಳುವ ದಾರಿ ನನಗಿರಲಿಲ್ಲ. ದನ ಕೂಡುವ ಮುಳ್ಳುಬೇಲಿಯ ರೊಪ್ಪದ ಬಾಗಿಲಲ್ಲಿ ಚಿತ್ತಮ್ಮ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ಮಂದೆಯನ್ನು ತಾನೇ ಬೆಳೆಸಿದವಳು. ಮನೆಯ ಬೆಣ್ಣೆ, ಗೊಬ್ಬರ, ಹೋರಿಕರು, ಎಲ್ಲ ಆ ರೊಪ್ಪದೊಳಗಿನಿಂದಲೇ ಬರಬೇಕು. ಅವಳ ಅಣ್ಣನ ಹಟ್ಟಿಯಲ್ಲಿ ಹಿಂದೊಮ್ಮೆ ಹಳೆಯ ಕ್ರಮದಲ್ಲಿ ಚುಚ್ಚಿ ದನಗಳು ಸತ್ತಿದ್ದವು.

"ಅವತ್ತು ರೋಗ ತಂದು ಚುಚ್ಚಿದ್ರಿ. ಇವತ್ತೇನು ತಂದೀರಿ?"

"ಆಡಿನಲ್ಲಿ ಇಳಿಸಿದ ರೋಗ ಕಣಮ್ಮ."

"ರೋಗಾನೇ ತಂದೀರಲ್ಲ ಮತ್ತೆ!"

"ಹೌದು. ಆದರೆ ಹಲ್ಲು ಕಿತ್ತ ರೋಗ."

"ಹಲ್ಲು ಐತೋ ಇಲ್ವೋ ನಿಮಗೆ ಹೆಂಗೆ ಗೊತ್ತು? ಬಾಯಿ ಬಿಡ್ಸಿ ನೋಡೀರಾ?"

ಬುಡೇನ್ ಸಾಬರು ನನ್ನ ತೋಳು ಎಳೆದರು, ಹೆಚ್ಚು ಹೇಳಬೇಡಿ ಎಂದು. ಆದರೂ ಹೇಳಿದೆ. ಚುಚ್ಚಿದ ನಾಲ್ಕೈದು ದಿನದಲ್ಲಿ ದನಗಳಿಗೆ ಸಣ್ಣ ಜ್ವರ ಬರಬೇಕು. ಬಂದರೆ ಮದ್ದು ಹತ್ತಿತು, ರೋಗ ಮುಟ್ಟುವುದಿಲ್ಲ. ಬಾರದಿದ್ದರೆ ಮದ್ದು ದಾರಿಯಲ್ಲೇ ಸತ್ತಿದೆ, ಇನ್ನೊಮ್ಮೆ ತರಿಸಬೇಕು. ಅಷ್ಟರಲ್ಲಿ ರೋಗ ಬಂದರೆ ನಾನು ಏನೂ ಮಾಡಲಾರೆ.

ಚಿತ್ತಮ್ಮ ನನ್ನನ್ನು ದಿಟ್ಟಿಸಿದಳು. "ಜ್ವರ ಬಂದ್ರೆ ಒಳ್ಳೇದು, ಬರ್ದಿದ್ರೆ ಕೆಟ್ಟದ್ದು. ಇದ್ಯಾವ ಸೀಮೆ ವೈದ್ಯ ಸಾಮಿ ನಿಮ್ದು? ಆಗ್ಲಿ, ಚುಚ್ರಿ. ಆದ್ರೆ ಜ್ವರ ಬರೋಗಂಟ ನೀವು ಇಲ್ಲಿಂದ ಕದಲಂಗಿಲ್ಲ. ಸತ್ರೆ ನಿಮ್ಮ ಕಣ್ಣೆದುರಿಗೇ ಸಾಯ್ಲಿ."

ಒಪ್ಪಿದೆ. ಸೂಜಿ ತೆಗೆದರೆ, ತಡೆದಳು. "ಕಾಲ್ಮೆಟ್ಟು ಬಿಟ್ಟು ಬರ್ರಿ. ಬಂದು ನಿಂತ್ಕಳ್ರಿ. ಅವು ನಿಮ್ಮನ್ನ ನೋಡಿ ಮುಗಿಸ್ಲಿ."

ಒಂದೊಂದು ಕ್ಷಣಕ್ಕೂ ಫ್ಲಾಸ್ಕಿನ ನೀರು ಬಿಸಿಯಾಗುತ್ತಿದೆ, ನಾನು ಸಗಣಿಯ ಮೇಲೆ ಬರಿಗಾಲಲ್ಲಿ ನಿಂತು ದನಗಳಿಗೆ ಮುಖ ತೋರಿಸುತ್ತಿದ್ದೇನೆ! ಮಣಿಕಟ್ಟು ಹಿಡಿದೆ. ಬೇಕೆಂದೇ ಹಿಡಿದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಅವಸರ ನನ್ನದು, ದನಗಳದ್ದಲ್ಲ. ಕಿವಿ ಎತ್ತಿ ನಿಂತಿದ್ದ ದನಗಳು ಒಂದೊಂದಾಗಿ ತಲೆ ತಗ್ಗಿಸಿದವು. ಎಲ್ಲಕ್ಕಿಂತ ಮುಂದೆ ಕೆಂದಿ ಎಂಬ ಕೆಂಪು ಆಕಳು. ಅದರಿಂದಲೇ ಆರಂಭಿಸಿದೆ. ಒಂದು ದನವನ್ನೂ ಕೆಡವದೆ, ಕಟ್ಟದೆ, ಇಡೀ ಮಂದೆಗೆ ಸೂಜಿ ಹಾಕಿ ಮುಗಿಸಿದೆವು. ನಿಂತು ಕಳೆದ ಹೊತ್ತು ಚುಚ್ಚುವಾಗ ವಾಪಸ್ಸು ಬಂತು.

ಆಮೇಲೆ ಕಾಯುವುದು. ಬುಡೇನ್ ಸಾಬರನ್ನು ಹೊಸ ಥರ್ಮಾಮೀಟರಿಗೆಂದು ಜಗಳೂರಿಗೆ ಕಳಿಸಿದೆ. ಅವರು ಬರಿಗೈಯಲ್ಲಿ ಬಂದರು. "ಅರ್ಜಿ ಬರೀಬೇಕಂತೆ ಸಾರ್. ಒಡೆದಿದ್ದನ್ನ ತಂದು ತೋರಿಸ್ಬೇಕಂತೆ. ಒಡೆದಿದ್ದು ರಸ್ತೇಲೈತೆ ಅಂದೆ. ಹಾಗಾದ್ರೆ ರಸ್ತೆ ತಗೊಂಬಾ ಅಂದ್ರು." ಹಟ್ಟಿಯವರ ಜೊತೆ ನಾನೂ ನಕ್ಕೆ. ಆ ಸಂಜೆ ನಲ್ಲೂರಿನ ಎತ್ತಿನ ಕಥೆಯನ್ನೂ ಹೇಳಿದೆ. ಚಿತ್ತಮ್ಮ ಕಂಬ ಹಿಡಿದುಕೊಂಡು ನಕ್ಕಳು. "ಇಂಥೋರ ಕೈಗೆ ನನ್ನ ದನ ಕೊಟ್ಟೆನಲ್ಲಪ್ಪಾ!"

ಆದರೆ ದಿನಗಳು ಹೋದಂತೆ ನಗು ಹೋಯಿತು. ಆಚೆ ಹಟ್ಟಿಯ ಕಡೆ ಹದ್ದುಗಳು ಸುತ್ತುತ್ತಿದ್ದವು. ಪ್ರತಿ ಮುಂಜಾನೆ ಬಿಸಿಲು ಬೀಳುವ ಮೊದಲು ಕೆಂದಿಯ ನಾಡಿ ನೋಡುತ್ತಿದ್ದೆ. ಸಮ. ಮತ್ತೆ ಸಮ. ಆರೋಗ್ಯವಾಗಿರುವ ಆಕಳನ್ನು ನೋಡಿ ಅಷ್ಟು ದುಃಖಪಟ್ಟ ವೈದ್ಯ ಇನ್ನೊಬ್ಬನಿರಲಾರ. ಚಿತ್ತಮ್ಮ ಬೇಲಿಯ ಮೇಲಿಂದ ಕೇಳುತ್ತಿದ್ದಳು: "ಎಲ್ಲಿ ಸಾಮಿ ನಿಮ್ಮ ಜ್ವರ?"

ಒಂದು ಮುಂಜಾನೆ ಕೆಂದಿ ಗುಂಪಿನಿಂದ ಬೇರೆ ನಿಂತಿತ್ತು. ಮೆಲುಕು ಇಲ್ಲ. ಬಾಲಕ್ಕೆ ಬೆರಳಿಟ್ಟೆ. ನಾಡಿ ಓಡುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದವನು ಕೈ ತೆಗೆದುಬಿಟ್ಟೆ. ನಲ್ಲೂರಿನಲ್ಲಿ ಕೋಪ ನನ್ನ ನಾಡಿಯನ್ನು ಓಡಿಸಿತ್ತು. ಇಲ್ಲಿ ಆಸೆ. ಜ್ವರ ಬರಲಿ ಎಂದು ನಾನು ಎಷ್ಟು ಬಯಸಿದ್ದೆನೆಂದರೆ, ಈ ಬೆರಳು ಹೇಳುವುದನ್ನು ನಂಬುವಂತಿರಲಿಲ್ಲ. ತಪ್ಪು ಹೇಳಿದರೆ ಎರಡನೆಯ ಮದ್ದು ತರಿಸದೆ ಸುಮ್ಮನಾಗುತ್ತೇನೆ, ಮಂದೆ ಹೋಗುತ್ತದೆ.

ಮಣಿಕಟ್ಟು ಹಿಡಿದು ನಿಂತೆ. ಓಡುತ್ತಲೇ ಇತ್ತು. ಓಡಲಿ ಎಂದು ಬಿಟ್ಟೆ. ಕಾಲಡಿಯ ಸಗಣಿ ತಣ್ಣಗಿತ್ತು. ಯಾವುದೋ ಕರುವಿನ ಕೊರಳ ಗಂಟೆ ಒಮ್ಮೆ ಅಲುಗಿತು. ಉಸಿರು ಬಂತು, ಹೋಯಿತು. ಜ್ವರ ಬೇಕು ಎಂಬುದು ಎದೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಅದನ್ನೂ ನೋಡಿದೆ. ನೋಡುತ್ತಿದ್ದಂತೆ ನನ್ನ ನಾಡಿ ಮೆಲ್ಲಗೆ ಕೆಳಗಿಳಿಯಿತು. ಆಗ ಎಡಗೈಯ ಹೆಬ್ಬೆರಳನ್ನು ಅದೇ ಕೈಯ ಬೆರಳುಗಳಿಗೆ ಒತ್ತಿ ನನ್ನ ನಾಡಿಯನ್ನು ಅಲ್ಲೇ ಹಿಡಿದಿಟ್ಟುಕೊಂಡು, ಬಲಗೈಯ ಎರಡು ಬೆರಳನ್ನು ಆಕಳ ಬಾಲದ ಕೆಳಗೆ ಹಗುರವಾಗಿ ಇಟ್ಟೆ. ಎರಡು ನಾಡಿಗಳು. ಒಂದು ನಿಧಾನ, ಒಂದು ಓಟ. ಒಂದರ ಹೆಜ್ಜೆಗೆ ಇನ್ನೊಂದು ಸೇರಲಿಲ್ಲ.

ಚಿತ್ತಮ್ಮ ಯಾವಾಗ ಬಂದು ಪಕ್ಕದಲ್ಲಿ ನಿಂತಿದ್ದಳೋ ಗೊತ್ತಿಲ್ಲ. ಮೆಲ್ಲಗೆ ಕೇಳಿದಳು:

"ಸಾಮಿ, ಜ್ವರ ಆಕಳಿಗೋ, ನಿಮಗೋ?"

"ಆಕಳಿಗೇ ಕಣಮ್ಮ," ಎಂದೆ.

ಅವಳು ಕೆಂದಿಯ ಕಿವಿಯ ಬುಡಕ್ಕೆ ಅಂಗೈ ಇಟ್ಟು ನೋಡಿದಳು. ಸಂಜೆಯ ಹೊತ್ತಿಗೆ ಇನ್ನೂ ಹಲವು ದನಗಳು ಮೇವು ಬಿಟ್ಟು ನಿಂತವು, ಕೆಲವು ದಿನ ಮಂಕಾಗಿದ್ದು ಮತ್ತೆ ಮೇಯತೊಡಗಿದವು. ದೊಡ್ಡರೋಗ ಆ ಹಟ್ಟಿಯ ಬೇಲಿಯವರೆಗೂ ಬಂತು, ಒಳಗೆ ಕಾಲಿಡಲಿಲ್ಲ. ನನ್ನ ದಿನಚರಿಯಲ್ಲಿ ಆ ಮುಂಜಾನೆಯ ಬಗ್ಗೆ ಇರುವುದು ಇಷ್ಟೆ: "ಕೆಂದಿಗೆ ಜ್ವರ. ಸಂತೋಷ."

ದಿನಚರಿಯಲ್ಲಿ ಇಲ್ಲದ ಒಂದನ್ನು ನೆನಪನ್ನು ನಂಬಿಯೇ ಬರೆಯುತ್ತಿದ್ದೇನೆ. ಕಿವಿಯಿಂದ ಕೈ ತೆಗೆದ ಚಿತ್ತಮ್ಮ ರೊಪ್ಪದ ಬಾಗಿಲಿಗೆ ಹೋಗಿ, ಹಟ್ಟಿಗೆಲ್ಲಾ ಕೇಳುವಂತೆ ಕೂಗಿದಳು: "ಏ ಎದ್ದೇಳ್ರೇ! ನಮ್ಮ ಕೆಂದಿಗೆ ಜ್ವರ ಬಂತು!" ಮಗಳ ಮದುವೆ ಗೊತ್ತಾಯಿತು ಎಂದು ಸಾರುವವರ ಗಂಟಲಿನಲ್ಲಿ ಕೂಗಿದಳು. ಅರೆನಿದ್ದೆಯಲ್ಲಿದ್ದ ಜನ ಒಂದೊಂದೇ ಗುಡಿಸಲಿನಿಂದ ನಗುತ್ತಾ ಹೊರಗೆ ಬಂದರು.